ಆರಾಮ ಕುರ್ಚಿಗೆ ಹೊಸ ಬಟ್ಟೆ



ನಿಮ್ಮಲ್ಲಿ ಕೆಲವರ ಮನೆಯಲ್ಲಾದರೂ ಅಜ್ಜನದೊಂದು ಆರಾಮ ಕುರ್ಚಿ ಇದ್ದೀತು. ಮಡಚುವ ಮರದ ಚೌಕಟ್ಟು, ಮೇಲೊಂದು ಕೋಲು, ಕೆಳಗೊಂದು ಕೋಲು, ನಡುವೆ ಜೋಲುವ ಪಟ್ಟೆಪಟ್ಟೆ ಬಟ್ಟೆ. ಚಿಕ್ಕವರಿದ್ದಾಗ ಕೋಲು ಎಳೆದು ಯಾರನ್ನಾದರೂ ಬೀಳಿಸಿ ಬೈಸಿಕೊಂಡಿರಲೂಬಹುದು! ಸಾರನಾಥದ ನಮ್ಮ ಮನೆಯ ಜಗಲಿಯಲ್ಲೂ ಅಂಥದೊಂದಿದೆ. ನನ್ನ ಮಾವನವರು ಊರಿನಿಂದ ರೈಲಿನಲ್ಲಿ ತಂದದ್ದು. ಸಂಜೆ ಅದರಲ್ಲಿ ಕುಳಿತು, ಧಮೇಖ್ ಸ್ತೂಪ ನೋಡಲು ಹೋಗುವ ದೇಶದೇಶದ ಜನರನ್ನು ನೋಡುವುದೇ ಅವರ ದಿನಚರಿ.

ಹೋದ ಬೇಸಿಗೆಯಲ್ಲಿ ಅದರ ಬಟ್ಟೆ ಹರಿಯಿತು. ನಾನು ಹಳೆಯದನ್ನೇ ಬಿಚ್ಚಿ ದರ್ಜಿಗೆ ಕೊಟ್ಟು, "ಇದೇ ಅಳತೆಗೆ ಹೊಲಿದುಕೊಡಿ" ಎಂದೆ. ತಪ್ಪು ದರ್ಜಿಯದಲ್ಲ, ನನ್ನದೇ. ವರ್ಷಗಟ್ಟಲೆ ಭಾರ ಹೊತ್ತ ಬಟ್ಟೆ ಹಿಗ್ಗಿರುತ್ತದೆ. ಆ ಅಳತೆಗೆ ಹೊಲಿದ ಹೊಸದು ತಾನೂ ಮತ್ತಷ್ಟು ಹಿಗ್ಗಿತು. ಒಂದು ಸಂಜೆ ಅಡಿಗೆಮನೆಯಿಂದ ಬಂದು ನೋಡುತ್ತೇನೆ, ಮಾವನವರು ಕುರ್ಚಿಯಲ್ಲಿ ಕುಸಿದು, ಅಡ್ಡಪಟ್ಟಿಗೆ ಸೊಂಟ ಒತ್ತಿ, ಏಳಲಾರದೆ ಕುಳಿತಿದ್ದಾರೆ. ಅರ್ಧ ಗಂಟೆಯಿಂದ! "ಕರೆಯಬಾರದಿತ್ತೇ ಮಾವ?" ಎಂದರೆ, "ನಿನಗೆ ಕೆಲಸವಿತ್ತಲ್ಲಮ್ಮ" ಎಂದರು. ಮರುದಿನದಿಂದ ಜಗಲಿಗೆ ಬರುವುದನ್ನೇ ಬಿಟ್ಟರು. ಎಂಬತ್ತಾರು ವರ್ಷದವರು ಹಾಸಿಗೆಗೆ ಒಗ್ಗಿಕೊಂಡರೆ ಮತ್ತೆ ನಡೆಯುವುದು ಕಷ್ಟ. ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ರಜೆಗೆ ಬಂದ ಮಗ ಅಜ್ಜನ ಪಕ್ಕ ಕುಳಿತು, ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಕೇಳಿದ: "ಅಜ್ಜ, ನಿಮಗೆ ಎಷ್ಟು ಎತ್ತರ ಇದ್ದರೆ ಏಳೋಕೆ ಸುಲಭ?" ಬಿ.ಎ. ಓದಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ!

ನಾವು ಮಾಡಿದ್ದನ್ನು ಹೇಳುತ್ತೇನೆ, ನೀವೂ ಮಾಡಬಹುದು. ದಪ್ಪ ದುಪ್ಪಟಿಯೊಂದನ್ನು ನಾಲ್ಕು ಮಡಿಕೆ ಮಾಡಿ ಎರಡೂ ಕೋಲುಗಳಿಗೆ ಬಿಗಿಯಾಗಿ ಕಟ್ಟಿದೆವು. ಇಬ್ಬರೂ ಆಚೀಚೆ ಹಿಡಿದುಕೊಂಡು ಅಜ್ಜನನ್ನು ಕೂರಿಸಿದೆವು. ಪಾದ ನೆಲಕ್ಕೆ ಊರಬೇಕು, ಬಟ್ಟೆ ಅಡ್ಡಪಟ್ಟಿಗೆ ತಾಗಬಾರದು. ಸರಿಹೋಗುವವರೆಗೆ ಗಂಟು ಬದಲಿಸಿ, ಆಮೇಲೆ ಕೋಲಿನಿಂದ ಕೋಲಿಗೆ ಜೋಲಿನ ಗುಂಟ ಅಳೆದರೆ 46 ಅಂಗುಲ. ಹೊಸ ಬಟ್ಟೆ ಹಿಗ್ಗುವುದಕ್ಕೆಂದು ಒಂದು ಕಳೆದು 45. ಕೋಲು ತೂರುವ ನೆರಿಗೆಗೆ ಎರಡು ಕಡೆಯೂ ನಾಲ್ಕೂವರೆ ಅಂಗುಲ ಸೇರಿಸಿ ಒಟ್ಟು 54. ಅಗಲಕ್ಕೆ ಚೌಕಟ್ಟಿನ ಒಳಗಿನ ಅಳತೆ 18. ಮರಕ್ಕೆ ಉಜ್ಜದಂತೆ ಒಂದು ಕಳೆದು 17, ಅಂಚು ಮಡಿಸಲು ಎರಡು ಸೇರಿಸಿ 19. ನಿಮ್ಮ ಕುರ್ಚಿಯ ಲೆಕ್ಕ ಬೇರೆ ಇರುತ್ತದೆ, ಅಳೆದೇ ನೋಡಬೇಕು.

"54 ಅಂಗುಲ ಅಂದರೆ ಮೂರು ಮೊಳ" ಎಂದರು ಮಾವನವರು. ಮೊಳ ಎಂದರೇನು ಎಂದು ಮೊಮ್ಮಗ ಕೇಳಿದ. ಅವರು ಮೊಳಕೈಯಿಂದ ನಡುಬೆರಳ ತುದಿಯವರೆಗೆ ತೋರಿಸಿ, "ಇದರಲ್ಲಿ ಎರಡು ಗೇಣು" ಎಂದು ಅವನ ಕೈಯನ್ನೇ ಅಗಲಿಸಿ ಇಟ್ಟರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ನಗು ಕಂಡೆ.

ಹತ್ತಿಯ ಕ್ಯಾನ್ವಾಸು ಮೊದಲ ಒಗೆತಕ್ಕೆ ಕುಗ್ಗುತ್ತದೆ. ಆದ್ದರಿಂದ ಸ್ವಲ್ಪ ಹೆಚ್ಚೇ ತಂದು, ನೆನೆಸಿ ಒಣಗಿಸಿ, ಆಮೇಲೆ ಕತ್ತರಿಸಿ. ಹಾಸಿನ ನೂಲು ಮೇಲಿನಿಂದ ಕೆಳಗೆ ಬರಲಿ. ಹಾಸು-ಹೊಕ್ಕಿಗೆ ಇಲ್ಲಿಯವರು ತಾನಾ-ಬಾನಾ ಎನ್ನುತ್ತಾರೆ. ಕಾಶಿಯ ಕಬೀರರೂ ನೇಕಾರರು, ನಮ್ಮ ಜೇಡರ ದಾಸಿಮಯ್ಯನೂ ನೇಕಾರ. ಎರಡು ಭಾಷೆಯ ನಡುವೆ ಬೆಳೆಯುವ ನಿಮಗೆ ಇಬ್ಬರೂ ನಮ್ಮವರೇ.

ಹೊಲಿಗೆ ಎರಡು ಸಾಲು ಹಾಕಿಸಿದೆವು. ಮೊದಲು ಮಗ ಕುಳಿತು ನೋಡಿದ. ಈಗ ಮಾವನವರು ಮತ್ತೆ ಜಗಲಿಯಲ್ಲಿದ್ದಾರೆ. ತಾವೇ ಏಳುತ್ತಾರೆ, ತಾವೇ ಕೂರುತ್ತಾರೆ.

ಈ ಸಲ ಮನೆಗೆ ಹೋದಾಗ ಅಜ್ಜ ಅಜ್ಜಿ ಕೂರುವ ಜಾಗವನ್ನೊಮ್ಮೆ ನೋಡಿ. ತೊಂದರೆಯಿದ್ದರೂ ಅವರಾಗಿ ಹೇಳುವುದಿಲ್ಲ. ಕನ್ನಡದಲ್ಲಿಯೇ ಕೇಳಿ, ತಪ್ಪಾದರೂ ಚಿಂತೆಯಿಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ.