ಚಿವುಟಿದ ಕುಡಿ, ಎಚ್ಚೆತ್ತ ಬೇರು

ನಿಪ್ಪಾಣಿ ಸೀಮೆಯಲ್ಲಿ ತಂಬಾಕು ಗಿಡ ಮೊಗ್ಗು ಬಿಡುವ ಹೊತ್ತಿಗೆ ರೈತರು ಕುಡಿ ಚಿವುಟುತ್ತಾರೆ. ಆಮೇಲೆ ಎಲೆಗಳ ಕಂಕುಳಲ್ಲಿ ಒಡೆಯುವ ಚಿಗುರನ್ನೂ ಮುರಿಯುತ್ತಾರೆ. ಬೀಜಕ್ಕೆ ಹೋಗುವ ಸತ್ವ ಎಲೆಗೆ ಬರಲಿ, ಎಲೆ ದಪ್ಪವಾಗಲಿ, ಕಡಕ್ ಆಗಲಿ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯೇ. ಆದರೆ ಆ ಕಡಕ್ ಗುಣ ಹುಟ್ಟುವುದು ಎಲೆಯಲ್ಲಲ್ಲ. ನಿಕೋಟಿನ್ ತಯಾರಾಗುವುದು ಬೇರಿನಲ್ಲಿ. ಅಲ್ಲಿಂದ ಮೇಲೇರಿ ಎಲೆಯಲ್ಲಿ ಸೇರಿಕೊಳ್ಳುತ್ತದೆ. ತುದಿಗಾದ ಗಾಯಕ್ಕೆ ಬೇರು ಓಗೊಡುವುದು ಹೇಗೆ?

ಗಾಯಗೊಂಡ ಗಿಡದಲ್ಲಿ ಜಾಸ್ಮೊನೇಟ್ ಎಂಬ ಹಾರ್ಮೋನು ಏರುತ್ತದೆ. ಬೇರಿನ ಕೋಶಗಳಲ್ಲಿ ನಿಕೋಟಿನ್ ತಯಾರಿಸುವ ಜೀನ್‌ಗಳನ್ನು ಅಲ್ಲಿಯವರೆಗೆ ಜಾಜ್ ಎಂಬ ಪ್ರೋಟೀನು ಅದುಮಿಟ್ಟಿರುತ್ತದೆ. ಪ್ರೋಟೀನಿನಲ್ಲಿ ತನ್ನದೇ ಕೆಲಸವುಳ್ಳ ಭಾಗಕ್ಕೆ ಡೊಮೈನ್ ಎನ್ನುತ್ತಾರೆ. ಜಾಜ್‌ನ ಒಂದು ಡೊಮೈನ್, ಆ ಜೀನ್‌ಗಳನ್ನು ಚಾಲೂ ಮಾಡಬೇಕಾದ ಪ್ರೋಟೀನನ್ನೇ ಹಿಡಿದು ಕೂತಿರುತ್ತದೆ. ಜಾಸ್ಮೊನೇಟ್ ಬಂತೆಂದರೆ ಅದೇ ಡೊಮೈನ್ ಹಾರ್ಮೋನನ್ನು ಗುರುತಿಸುವ ಪ್ರೋಟೀನಿಗೆ, ಅಂದರೆ ಅದರ ಗ್ರಾಹಿಗೆ, ಅಂಟಿಕೊಳ್ಳುತ್ತದೆ. ಕೋಶ ಜಾಜನ್ನು ಒಡೆದು ಹಾಕುತ್ತದೆ, ಜೀನ್‌ಗಳು ಬಿಡುಗಡೆಯಾಗುತ್ತವೆ. ತಂಬಾಕು ಗಿಡದಲ್ಲೇ ಇದನ್ನು ಜಪಾನಿನ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ರೈತನ ಬೆರಳಿಗೆ ಇದು ತಲೆಮಾರುಗಳಿಂದ ಗೊತ್ತಿತ್ತು.

ಕೀಟಗಳನ್ನು ದೂರವಿಡಲು ಗಿಡ ಮಾಡಿಕೊಂಡ ಈ ವಿಷ ನಮ್ಮ ಮೈಯಲ್ಲಿ ಇನ್ನೊಂದು ಡೊಮೈನನ್ನು ಮುಟ್ಟುತ್ತದೆ. ಬೀಡಿಯ ದಮ್ಮು ಎಳೆದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳು ಸೇರುತ್ತದೆ. ಅಲ್ಲಿ ನರಕೋಶದ ಪೊರೆಯಲ್ಲಿ ಐದು ಪ್ರೋಟೀನು ಸರಗಳು ಉಂಗುರದಂತೆ ಕೂಡಿ ನಿಂತ ಗ್ರಾಹಿಯಿದೆ. ಪೊರೆಯ ಹೊರಗೆ ಚಾಚಿದ ಡೊಮೈನ್‌ನಲ್ಲಿ ನಿಕೋಟಿನ್ ಕೂತರೆ, ಪೊರೆಯೊಳಗಿನ ಭಾಗ ಸರಿದು ದಾರಿ ತೆರೆಯುತ್ತದೆ. ಸೋಡಿಯಂ ಒಳನುಗ್ಗುತ್ತದೆ, ನರ ಮಿಡಿಯುತ್ತದೆ. ಆ ಜಾಗ ಇರುವುದು ದೇಹದ್ದೇ ಆದ ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕಕ್ಕಾಗಿ.

ನಮ್ಮ ಸ್ನಾಯುಗಳನ್ನು ಆಡಿಸುವುದೂ ಇದೇ ಜಾತಿಯ ಗ್ರಾಹಿ. ಹಾಗಿದ್ದರೆ ಬೀಡಿ ಸೇದಿದವನ ಕೈಕಾಲು ಏಕೆ ಸೆಟೆದುಕೊಳ್ಳುವುದಿಲ್ಲ? ಅಮೆರಿಕದ ಡೆನಿಸ್ ಡೌಘರ್ಟಿ ಮತ್ತು ಸಂಗಡಿಗರು 2009ರಲ್ಲಿ ಉತ್ತರ ಕಂಡುಕೊಂಡರು. ನಿಕೋಟಿನ್ ಕೂರುವ ಜಾಗದ ಪಕ್ಕದಲ್ಲಿ ಸ್ನಾಯುವಿನ ಗ್ರಾಹಿಗೆ ಗ್ಲೈಸಿನ್ ಎಂಬ ಅಮೈನೋ ಆಮ್ಲ ಇದೆ, ಮಿದುಳಿನದಕ್ಕೆ ಲೈಸಿನ್. ಅಷ್ಟರಿಂದಲೇ ಮಿದುಳಿನಲ್ಲಿ ನಿಕೋಟಿನ್‌ನ ಹಿಡಿತ ಬಿಗಿಯಾಗುತ್ತದೆ. ಸ್ನಾಯುವಿನ ಗ್ರಾಹಿಯಲ್ಲೂ ಲೈಸಿನ್ ಇಟ್ಟು ನೋಡಿದಾಗ ಅದೂ ನಿಕೋಟಿನ್‌ಗೆ ಹೆಚ್ಚು ಸ್ಪಂದಿಸಿತು. ನೂರಾರು ಅಮೈನೋ ಆಮ್ಲಗಳ ಸರದಲ್ಲಿ ಒಂದೇ ಒಂದರ ವ್ಯತ್ಯಾಸ! ಅದಿಲ್ಲದಿದ್ದರೆ ತಂಬಾಕಿನ ಚರಿತ್ರೆಯೇ ಬೇರೆಯಾಗುತ್ತಿತ್ತು ಎಂದು ನನಗನ್ನಿಸುತ್ತದೆ.

ದಿನವೂ ಸೇದುವವರ ಮಿದುಳಿನಲ್ಲಿ ಈ ಗ್ರಾಹಿಗಳ ಸಂಖ್ಯೆಯೇ ಏರುತ್ತದೆ. ನಿಕೋಟಿನ್ ಸಿಗದಿದ್ದರೆ ಸಿಡಿಮಿಡಿ, ಚಡಪಡಿಕೆ, ನಿದ್ದೆಗೇಡು. ಆದ್ದರಿಂದ ಬೀಡಿ ಬಿಡಲಾಗದವನನ್ನು ಮನಸ್ಸು ಗಟ್ಟಿಯಿಲ್ಲದವನೆಂದು ಜರಿಯುವುದು ತಪ್ಪು. ಅವನು ಹೋರಾಡುತ್ತಿರುವುದು ತನ್ನ ಕೋಶಗಳೊಂದಿಗೆ. ವಾರೆನಿಕ್ಲಿನ್ ಎಂಬ ಔಷಧ ಅದೇ ಜಾಗದಲ್ಲಿ ಕೂತು ಗ್ರಾಹಿಯನ್ನು ಅರೆಬರೆ ತೆರೆಯುತ್ತದೆ. ಚಡಪಡಿಕೆ ತಗ್ಗುತ್ತದೆ, ಬೀಡಿಯ ರುಚಿಯೂ ಕೆಡುತ್ತದೆ. ಅದನ್ನು ವೈದ್ಯರ ಸಲಹೆಯಿಂದಲೇ ತೆಗೆದುಕೊಳ್ಳಬೇಕು.

ಬೆಳೆಯುವವರಿಗೂ ಒಂದು ಮಾತು. ಇಬ್ಬನಿಯಿಂದ ಒದ್ದೆಯಾದ ತಂಬಾಕು ಎಲೆಯಿಂದ ನಿಕೋಟಿನ್ ಚರ್ಮದೊಳಗೂ ಇಳಿಯುತ್ತದೆ. ವಾಂತಿ, ತಲೆಸುತ್ತು ಬರುತ್ತದೆ. ಕುಡಿ ಚಿವುಟುವಾಗ ಕೈಗವಸು ಇರಲಿ. ಚಿಕ್ಕೋಡಿಯಿರಲಿ, ರಾಯಬಾಗ, ಅಥಣಿ, ಕಾಗವಾಡವಿರಲಿ, ಚಟ ಬಿಡಬೇಕೆನ್ನುವವರು ಸರ್ಕಾರದ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಬಹುದು.