ಈ ಸೂರುಗಳನ್ನು ಯಾರು ಕಾಯಬೇಕು?

ಸ್ಕಾಟ್ಲೆಂಡಿನ ಎಲ್ಗಿನ್ ಕೆಥೆಡ್ರಲ್ ಹಾಳಾದದ್ದು ಬೆಂಕಿಯಿಂದಲ್ಲ. ಲಾಸಿ ನದಿಯ ದಡದಲ್ಲಿ 1224ರಲ್ಲಿ ನೆಲೆಗೊಂಡ ಆ ಚರ್ಚು 1270ರಲ್ಲಿ ಸುಟ್ಟಾಗ ಮೊದಲಿಗಿಂತ ದೊಡ್ಡದಾಗಿ ಎದ್ದು ನಿಂತಿತು. 1390ರ ಜೂನ್‌ನಲ್ಲಿ, ತನಗೆ ಬಹಿಷ್ಕಾರ ಹಾಕಿದ ಬಿಷಪ್ ಅಲೆಕ್ಸಾಂಡರ್ ಬರ್ ಮೇಲಿನ ಹಗೆಗೆ, ರಾಜ ಎರಡನೆಯ ರಾಬರ್ಟನ ಮಗ ಅಲೆಕ್ಸಾಂಡರ್ ಸ್ಟುವರ್ಟ್ ಊರನ್ನೂ ಚರ್ಚನ್ನೂ ಸುಟ್ಟ. ‘ಬೇಡನಾಕ್‌ನ ತೋಳ’ ಎಂದು ಇಂದಿಗೂ ಕರೆಸಿಕೊಳ್ಳುವ ಅವನ ಕೈಯಿಂದಲೂ ಅದು ಚೇತರಿಸಿಕೊಂಡಿತು. ತಲೆಮಾರುಗಳ ಕಾಲ ಕಲ್ಲುಕುಟಿಗರು ದುಡಿದರು.

ಅದನ್ನು ಮುಗಿಸಿದ್ದು ಒಂದು ಸರ್ಕಾರಿ ಆದೇಶ. 1560ರಲ್ಲಿ ಮತಸುಧಾರಣೆ ಬಂದಿತ್ತು. ಆ ದಶಕ ಕಳೆಯುವ ಮುನ್ನ, ಸೈನಿಕರ ಸಂಬಳಕ್ಕೆ ದುಡ್ಡು ಹೊಂದಿಸಲು, ಎಲ್ಗಿನ್ ಮತ್ತು ಅಬರ್ಡೀನ್ ಕೆಥೆಡ್ರಲ್‌ಗಳ ಚಾವಣಿಗೆ ಹೊದಿಸಿದ್ದ ಸೀಸವನ್ನು ಕಿತ್ತು ಮಾರುವಂತೆ ಪ್ರಿವಿ ಕೌನ್ಸಿಲ್ ಅಪ್ಪಣೆ ಕೊಟ್ಟಿತು. ಸೀಸ ಹೋಯಿತು, ಮಳೆ ಒಳಗೆ ಬಂತು. 1637ರ ಬಿರುಗಾಳಿಗೆ ಪೂರ್ವಭಾಗದ ಮಾಡು ಕುಸಿಯಿತು. 1711ರ ಈಸ್ಟರ್ ಭಾನುವಾರ ನಡುಗೋಪುರವೇ ಮಗುಚಿ ಬಿತ್ತು. ಬಳಿಕ ಊರಿನವರಿಗೆ ಅದು ಕಲ್ಲಿನ ಗಣಿಯಾಯಿತು. 19ನೇ ಶತಮಾನದಲ್ಲಿ ಜಾನ್ ಶ್ಯಾಂಕ್ಸ್ ಎಂಬ ಚಪ್ಪಲಿ ಹೊಲಿಯುವವನೊಬ್ಬ ಕಾವಲುಗಾರನಾಗಿ ಬಂದು, ತನ್ನ ಕೈಯಾರೆ ಸಾವಿರಾರು ಗಾಡಿ ಮಣ್ಣುಕಲ್ಲು ಹೊತ್ತು ತೆಗೆದ ಮೇಲೆಯೇ ಕಂಬಗಳ ಬುಡ ಕಂಡದ್ದು. ಅಧಿಕಾರಸ್ಥರು ಮಾಡಿದ ಹಾನಿಯನ್ನು ಬಡ ಕಸುಬುದಾರನೊಬ್ಬ ತೊಳೆಯಬೇಕಾಯಿತು.

ಈ ಹಳೆಯ ಕಥೆಯನ್ನು ಈಗ ಎತ್ತಲು ಕಾರಣವಿದೆ. ಸ್ಕಾಟ್ಲೆಂಡಿನಲ್ಲಿ ಚರ್ಚುಗಳ ಸೂರು ಮತ್ತೆ ಅನಾಥವಾಗುತ್ತಿದೆ, ಈ ಬಾರಿ ಯಾರ ಹಗೆಯೂ ಇಲ್ಲದೆ. 2001ರ ಜನಗಣತಿಯಲ್ಲಿ ಶೇ 42ರಷ್ಟು ಜನ ತಾವು ಚರ್ಚ್ ಆಫ್ ಸ್ಕಾಟ್ಲೆಂಡಿಗೆ ಸೇರಿದವರು ಎಂದಿದ್ದರು. 2022ರಲ್ಲಿ ಹಾಗೆ ಹೇಳಿದವರು ಶೇ 20ರಷ್ಟು ಮಾತ್ರ. ಯಾವ ಧರ್ಮವೂ ಇಲ್ಲ ಎಂದವರು ಅರ್ಧಕ್ಕಿಂತ ಹೆಚ್ಚು. ಜನ ತಮ್ಮ ನಂಬಿಕೆಯನ್ನು ಬಿಡುವುದು ಅವರ ಹಕ್ಕು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಕಾಣಿಕೆ ಹಾಕುವವರೂ ಪಾದ್ರಿಗಳೂ ಕಡಿಮೆಯಾದಂತೆ ಚರ್ಚ್ ಆಫ್ ಸ್ಕಾಟ್ಲೆಂಡ್ ತನ್ನ ಕಟ್ಟಡಗಳನ್ನು ಸಾಲುಸಾಲಾಗಿ ಮಾರಾಟಕ್ಕಿಟ್ಟಿದೆ. ಆ ಪಟ್ಟಿಯಲ್ಲಿ ವಿಕ್ಟೋರಿಯಾ ಕಾಲದ ಸಾಮಾನ್ಯ ಕಟ್ಟಡಗಳ ಜತೆಗೆ ಮಧ್ಯಯುಗದ ಅಪರೂಪದ ಚರ್ಚುಗಳೂ ಸೇರಿವೆ.

ಬ್ರೀಕಿನ್ ಕೆಥೆಡ್ರಲ್ಲನ್ನೇ ನೋಡಿ. ಅಲ್ಲಿನ ದುಂಡು ಗೋಪುರ ಸುಮಾರು 1100ರದು, ಎತ್ತರ ಮೂವತ್ತು ಮೀಟರಿಗೂ ಹೆಚ್ಚು. ಐರ್ಲೆಂಡಿನಲ್ಲಿ ಕಾಣುವ ಬಗೆಯ ಇಂಥ ಗೋಪುರ ಸ್ಕಾಟ್ಲೆಂಡಿನ ಮುಖ್ಯಭೂಮಿಯಲ್ಲಿ ಇನ್ನೊಂದೇ ಇರುವುದು, ಅಬರ್ನೆತಿಯಲ್ಲಿ. ಬ್ರೀಕಿನ್ ಗೋಪುರದ, ನೆಲದಿಂದ ಆಳೆತ್ತರದಲ್ಲಿರುವ ಬಾಗಿಲಿನ ಮೇಲೆ ಶಿಲುಬೆಯ ಕ್ರಿಸ್ತನನ್ನು ಕೆತ್ತಿದ್ದಾರೆ. ಪಕ್ಕದ ಚರ್ಚು ಮುಖ್ಯವಾಗಿ 13ನೇ ಶತಮಾನದ್ದು. ಮತಸುಧಾರಣೆಯ ನಂತರ ಅದರ ಪೂರ್ವಭಾಗ ಪಾಳುಬಿತ್ತು, ಜನ ಕೂರುವ ನಡುಭಾಗ ಮಾತ್ರ ಉಳಿಯಿತು. ಏಕೆಂದರೆ ಅಲ್ಲಿ ವಾರವಾರ ಊರಿನವರು ಸೇರುತ್ತಿದ್ದರು, ಸೋರಿದರೆ ಅವರ ತಲೆಯ ಮೇಲೇ ಸೋರುತ್ತಿತ್ತು. 1806ರ ಸುಮಾರಿಗೆ ಅಡ್ಡಪಾರ್ಶ್ವಗಳನ್ನು ಕೆಡವಿ ಚರ್ಚಿನ ರೂಪ ಕೆಡಿಸಿದರು. 1900ರ ನಂತರ ಇನ್ನೊಂದು ತಲೆಮಾರು ಅದನ್ನು ತಕ್ಕಮಟ್ಟಿಗೆ ಸರಿಪಡಿಸಿತು. ಬಳಸುವವರಿದ್ದುದರಿಂದಲೇ ಕೆಡಿಸಿದ್ದನ್ನು ತಿದ್ದಲು ಸಾಧ್ಯವಾಯಿತು. ಆದರೆ ಅಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದವರ ಸಭೆ 2021ರಲ್ಲಿ ವಿಸರ್ಜನೆಯಾಯಿತು.

ಗೋಪುರ ಸರ್ಕಾರದ ರಕ್ಷಣೆಯಲ್ಲಿದೆ. ಅದಕ್ಕೆ ಅಂಟಿಕೊಂಡೇ ನಿಂತ ಚರ್ಚಿಗೆ ಆ ಭಾಗ್ಯವಿಲ್ಲ. ಪಾಳುಬಿದ್ದದ್ದನ್ನು ಸರ್ಕಾರ ಕಾಯುತ್ತದೆ, ಗಟ್ಟಿಯಾಗಿ ನಿಂತಿರುವುದನ್ನು ಪಾಳುಬೀಳುವವರೆಗೆ ಮಾರುಕಟ್ಟೆಗೆ ಬಿಡುತ್ತದೆ. ಇದಕ್ಕಿಂತ ದುಬಾರಿ ನೀತಿ ಇನ್ನೊಂದಿಲ್ಲ. ಪಾಳುಗೋಡೆಗಳಿಂದ ಕಲ್ಲು ಉದುರೀತೆಂಬ ಭಯಕ್ಕೆ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಸಂಸ್ಥೆ ಇತ್ತೀಚಿನ ವರ್ಷಗಳಲ್ಲಿ ಹತ್ತಾರು ಸ್ಮಾರಕಗಳಿಗೆ ಬೇಲಿ ಹಾಕಬೇಕಾಗಿ ಬಂತು.

ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಅನುಮತಿಯಿಲ್ಲದೆ ಕೆಡವಬಾರದು ಎನ್ನುತ್ತದೆ ಆ ಪಟ್ಟಿ. ಚಾವಣಿಯ ನೀರು ಹರಿಯುವ ಕೊಳವೆಯಲ್ಲಿ ಕಟ್ಟಿದ ಎಲೆಯನ್ನು ಅದು ತೆಗೆಯುವುದಿಲ್ಲ. ಇಂಗ್ಲೆಂಡಿನಲ್ಲಿ ಸಭೆಯಿಲ್ಲದ ಹಳೆಯ ಚರ್ಚುಗಳಿಗಾಗಿ 1969ರಿಂದಲೇ ಸರ್ಕಾರದ ನೆರವಿನ ಟ್ರಸ್ಟ್ ಇದೆ, ಅದರ ಆಸರೆಯಲ್ಲಿ 350ಕ್ಕೂ ಹೆಚ್ಚು ಚರ್ಚುಗಳು ಉಳಿದಿವೆ. ಸ್ಕಾಟ್ಲೆಂಡಿನ ಅಂಥದೇ ಟ್ರಸ್ಟಿನ ಬಳಿ ಇರುವುದು ಬೆರಳೆಣಿಕೆಯಷ್ಟು. ಊರಿನವರೇ ಚಂದಾ ಎತ್ತಿ ಕೊಂಡುಕೊಳ್ಳಲಿ ಎಂಬ ಮಾತು ಕೇಳಲು ಚೆನ್ನಾಗಿದೆ. ನಿವೃತ್ತರೇ ಹೆಚ್ಚಿರುವ ಸಣ್ಣ ಊರಿನ ಹತ್ತಿಪ್ಪತ್ತು ಮಂದಿ, ಎಂಟು ಶತಮಾನದ ಕಲ್ಲು, ಸುಣ್ಣದ ಗಾರೆ, ಸೀಸದ ಹೊದಿಕೆಗಳ ಖರ್ಚನ್ನು ಎಷ್ಟು ವರ್ಷ ಹೊತ್ತಾರು?

ಮಧ್ಯಯುಗದ ಯಾವ ಚರ್ಚನ್ನೂ, ಅದನ್ನು ನೋಡಿಕೊಳ್ಳುವ ಜವಾಬ್ದಾರರು ಲಿಖಿತವಾಗಿ ಒಪ್ಪಿಕೊಳ್ಳುವವರೆಗೆ ಬಿಟ್ಟುಕೊಡುವುದಿಲ್ಲವೆಂದು ಚರ್ಚ್ ಆಫ್ ಸ್ಕಾಟ್ಲೆಂಡ್ ನಿರ್ಧರಿಸಬೇಕು. ಯಾರೂ ಮುಂದೆ ಬಾರದ ಕಡೆ ಎಡಿನ್‌ಬರೋದ ಸರ್ಕಾರ ಟ್ರಸ್ಟಿಗೆ ಹಣ ಕೊಟ್ಟು ವಹಿಸಿಕೊಳ್ಳಬೇಕು. ಆ ಹಣ ಮುಂದಿನ ಬಜೆಟ್ಟಿನಲ್ಲೇ ಇರಬೇಕು. ಸೋರುವ ಚಾವಣಿ ಸಮಿತಿಯ ವರದಿಗಾಗಿ ಕಾಯುವುದಿಲ್ಲ.