ಲಕೋಟೆಯಿಂದ ಚೀಟಿ ಬಿಡಿಸಬೇಡಿ

ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಅಂಚೆಚೀಟಿಯ ಮಾತೇಕೆಂದು ಸದಸ್ಯ ಬಾಂಧವರು ಕೇಳಬಹುದು. 2017ರಲ್ಲಿ ಅಂಚೆ ಇಲಾಖೆಯು ಕಾಫಿಯ ಪರಿಮಳ ಬೆರೆಸಿದ ನೂರು ರೂಪಾಯಿಯ ಚೀಟಿಯೊಂದನ್ನು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿತು. ನಮ್ಮ ಬೆಳೆಗೆ ಸಂದ ಗೌರವವದು. ಆದರೆ ಅದನ್ನು ಗಾಜಿನೊಳಗೆ ಮುಚ್ಚಿಟ್ಟರೆ ಪರಿಮಳ ಯಾರಿಗೆ? ಪಕ್ಕದಲ್ಲಿ ಒಂದು ಬಟ್ಟಲು ಹುರಿದ ಬೀಜವನ್ನಾದರೂ ಇಡಬೇಕು. ಅಷ್ಟನ್ನು ನಮ್ಮ ಸಂಘಗಳೇ ಒದಗಿಸಬಹುದು.

ಅಂಚೆಚೀಟಿ ಪ್ರದರ್ಶನವೆಂದರೆ ಚೌಕಟ್ಟಿನೊಳಗೆ ನೂರಾರು ಚೀಟಿಗಳನ್ನು ಸಾಲಾಗಿ ಜೋಡಿಸಿ ನಿಲ್ಲಿಸುವುದೇ ವಾಡಿಕೆಯಾಗಿದೆ. ಸಂಗ್ರಾಹಕರಿಗೆ ಅದು ಹಬ್ಬ. ಹಳ್ಳಿಯಿಂದ ಬಂದ ರೈತನಾದರೋ ಎರಡು ಚೌಕಟ್ಟು ದಾಟುವಷ್ಟರಲ್ಲಿ ಹೊರಬಾಗಿಲು ಹುಡುಕುತ್ತಾನೆ. ನನ್ನ ಅಭಿಪ್ರಾಯದಲ್ಲಿ ಹತ್ತೇ ಚೀಟಿ ಸಾಕು; ಅವು ಆ ನೆಲದವಾಗಿರಬೇಕು.

ವಿಜಯಪುರ ಜಿಲ್ಲೆಯನ್ನೇ ನೋಡಿರಿ. 1949ರ ಆಗಸ್ಟ್ 15ರಂದು ಹೊರಬಂದ ಮಾಲೆಯ ಆರಾಣೆ ಚೀಟಿಯ ಮೇಲೆ ಗೋಳಗುಮ್ಮಟವಿದೆ. ಸುಮಾರು 44 ಮೀಟರ್ ವ್ಯಾಸದ ಗುಮ್ಮಟವನ್ನು ಹೆಬ್ಬೆರಳಗಲದ ಕಾಗದದಲ್ಲಿ ಹಿಡಿದ ಕೈಚಳಕ ಸಾಮಾನ್ಯವಲ್ಲ. ಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ವಸ್ತು ಸಂಗ್ರಹಾಲಯ ಇದ್ದೇ ಇದೆ. ಅಲ್ಲಿ ಆ ಒಂದು ಚೀಟಿಯನ್ನು ಭೂತಗನ್ನಡಿಯ ಕೆಳಗೆ, ಮಕ್ಕಳ ಕಣ್ಣಿಗೂ ಎಟುಕುವಂತೆ ಇಟ್ಟರೆ, ನೋಡಿದವನು ಹೊರಗೆ ಬಂದೊಡನೆ ಚೀಟಿಯನ್ನೂ ಕಟ್ಟಡವನ್ನೂ ತಾನೇ ಹೋಲಿಸಿಕೊಳ್ಳುತ್ತಾನೆ. ಬೆಳಕು ಮಾತ್ರ ಮಂದವಾಗಿರಲಿ, ಬಿಸಿಲು ತಾಗಿದರೆ ಬಣ್ಣ ಮಾಸುತ್ತದೆ. ಬಸವೇಶ್ವರರ 15 ಪೈಸೆಯ ಚೀಟಿ 1967ರ ಮೇ 11ರಂದು ಬಂದಿತು. ಅದನ್ನು ತೋರಿಸಲು ಅವರು ಹುಟ್ಟಿದ ಬಸವನ ಬಾಗೇವಾಡಿಗಿಂತ ತಕ್ಕ ಊರು ಯಾವುದು?

ಇದಕ್ಕೂ ಮುಖ್ಯವಾದ ಮಾತೊಂದಿದೆ. ಚೀಟಿಯ ಚಿತ್ರ ದೇಶಕ್ಕೆಲ್ಲ ಒಂದೇ; ಊರಿನ ಗುರುತು ಇರುವುದು ಮೊಹರಿನಲ್ಲಿ. ಇಂಡಿಯ ನಿಂಬೆ ವ್ಯಾಪಾರಿ ಬರೆದ ಕಾಗದ, ಸಿಂದಗಿಯಿಂದ ಮಗಳು ತವರಿಗೆ ಹಾಕಿದ ಕಾರ್ಡು, ಮುದ್ದೇಬಿಹಾಳದ ಮೊಹರು ಬಿದ್ದ ಲಗ್ನಪತ್ರಿಕೆ ಇವೆಲ್ಲ ಹೊಸ ಹಾಳೆಯ ಚೀಟಿಗಿಂತ ಹೆಚ್ಚು ಮಾತನಾಡುತ್ತವೆ. ಬಾಲ್ಯದಲ್ಲಿ ನಾನೂ ಲಕೋಟೆಗಳನ್ನು ಬಟ್ಟಲು ನೀರಿನಲ್ಲಿ ನೆನೆಸಿ, ಚೀಟಿ ಬಿಡಿಸಿಕೊಂಡು ಉಳಿದದ್ದನ್ನು ಒಲೆಗೆ ಹಾಕಿದವನೇ. ಅಜ್ಜನಿಗೆ ಬಂದ ಕಾಗದಗಳಲ್ಲಿ ಒಂದರ ಮೊಹರೂ ಇಂದು ನಮ್ಮ ಮನೆಯಲ್ಲಿಲ್ಲ.

ಈಗ ಕಾಗದ ಬರೆಯುವವರೇ ಅಪರೂಪ. ಬರುವ ಲಕೋಟೆಗಳ ಮೇಲೂ ಹೆಚ್ಚಾಗಿ ಯಂತ್ರ ಅಚ್ಚು ಹಾಕಿದ ಪಟ್ಟಿ. ಆದುದರಿಂದ ಬಯಲುಸೀಮೆಯವರಾಗಲಿ ಮಲೆನಾಡಿನ ನಾವಾಗಲಿ, ಅಟ್ಟದ ಪೆಟ್ಟಿಗೆ ತೆಗೆದಾಗ ತೂಕದ ಚೀಟಿ, ಮಂಡಿಯ ಪಟ್ಟಿಗಳ ನಡುವೆ ಹಳೆಯ ಲಕೋಟೆ ಸಿಕ್ಕರೆ ಕತ್ತರಿ ಹಾಕದೆ, ನೀರು ಮುಟ್ಟಿಸದೆ, ಒಳಗಿನ ಕಾಗದದ ಸಮೇತ ತೆಗೆದಿಡೋಣ. ಪ್ರದರ್ಶನ ಏರ್ಪಡಿಸುವವರು ಕೇಳಿಕೊಂಡು ಬಂದಾಗ ಕೊಡಲು ಏನಾದರೂ ಇರಬೇಕಲ್ಲ.